ಹೊಟ್ಟೆ ತಿರುಚಿ ಆಪರೇಷನ್ ಆದ ನಾಯಿ ಮನೆಗೆ ಬಂದಿದೆ, ಮುಂದೆ ಹೇಗೆ ನೋಡಿಕೊಳ್ಳಲಿ?

ಕೆಂಚನ ಮನೆ, ಹುಣಸೂರು:

ಎಲ್ಲರಿಗೂ ನಮಸ್ಕಾರ. ನಮ್ಮ ಕೆಂಚ ಜರ್ಮನ್ ಶೆಫರ್ಡ್. ಆರೂವರೆ ವರ್ಷ, 36 ಕೆಜಿ. ಕಳೆದ ಭಾನುವಾರ ರಾತ್ರಿ ಅವನ ಹೊಟ್ಟೆ ಉಬ್ಬಿ, ಒಳಗೇ ತಿರುಚಿಕೊಂಡು, ಮೈಸೂರಿನಲ್ಲಿ ಆಪರೇಷನ್ ಆಯಿತು. ನಿನ್ನೆ, ಬುಧವಾರ ಸಂಜೆ ಮನೆಗೆ ಕರೆದುಕೊಂಡು ಬಂದೆವು. ಉಳಿದನಲ್ಲ ಅನ್ನೋ ಸಮಾಧಾನ ಇದೆ. ಆದರೆ ರಾತ್ರಿಯೆಲ್ಲ ನಿದ್ದೆ ಬಂದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆದದ್ದು ಹೀಗೆ. ಭಾನುವಾರ ಮನೆ ತುಂಬ ನೆಂಟರು. ಕೆಲಸದ ಗಡಿಬಿಡಿಯಲ್ಲಿ ಬೆಳಿಗ್ಗೆ ಅವನಿಗೆ ಊಟ ಹಾಕಲು ಮರೆತುಬಿಟ್ಟೆವು. ರಾತ್ರಿ ಎಂಟಕ್ಕೆ ಅಮ್ಮ ಎರಡು ದೊಡ್ಡ ಮುದ್ದೆಯನ್ನು, ಖಾರ ಹಾಕುವ ಮೊದಲೇ ತೆಗೆದಿಟ್ಟಿದ್ದ ಮಾಂಸದ ನೀರಿನಲ್ಲಿ ಕಲಸಿ ಇಟ್ಟರು. ಎರಡೇ ನಿಮಿಷದಲ್ಲಿ ಪಾತ್ರೆ ಖಾಲಿ. ಆಮೇಲೆ ಮಕ್ಕಳ ಜೊತೆ ಅಂಗಳದಲ್ಲಿ ಓಡಾಡಿದ.

ಒಂಬತ್ತೂವರೆಗೆ ನೋಡಿದರೆ ಬಾವಿ ಹತ್ತಿರ ಕತ್ತು ಚಾಚಿ ನಿಂತಿದ್ದಾನೆ. ಓಕರಿಸುತ್ತಾನೆ, ಮೈಯೆಲ್ಲ ಕುಲುಕುತ್ತದೆ, ಏನೂ ಬರುವುದಿಲ್ಲ. ಬರೀ ಬಿಳಿ ನೊರೆ, ಅಂಟು ಜೊಲ್ಲು. ಮಲಗುತ್ತಾನೆ, ಏಳುತ್ತಾನೆ, ತಿರುಗಿ ಹೊಟ್ಟೆ ನೋಡಿಕೊಳ್ಳುತ್ತಾನೆ. ಪಕ್ಕೆಲುಬಿನ ಹಿಂದೆ ಊದಿಕೊಂಡಿತ್ತು. ಬೆರಳಲ್ಲಿ ತಟ್ಟಿದರೆ ತಮಟೆ ಥರ ಸದ್ದು.

ಪಕ್ಕದ ಮನೆ ಅಜ್ಜ ಗೊಟ್ಟ ಹಿಡಿದುಕೊಂಡು ಬಂದರು. ದನಕ್ಕೆ ಹೊಟ್ಟೆ ಉಬ್ಬರಿಸಿದರೆ ಎಣ್ಣೆ ಕುಡಿಸುತ್ತೀವಲ್ಲ, ಹಾಗೇ ಇವನಿಗೂ ಕುಡಿಸೋಣ ಅಂದರು. ಅಷ್ಟರಲ್ಲಿ ನಾನು ನಮ್ಮ ಹಸುಗಳನ್ನು ನೋಡುವ ಡಾಕ್ಟರಿಗೆ ಫೋನ್ ಮಾಡಿದ್ದೆ. "ಬಾಯಿಗೆ ಏನೂ ಹಾಕಬೇಡ, ನೀರೂ ಬೇಡ. ಬಂದೆ" ಅಂದರು. ಬೈಕಿನಲ್ಲಿ ಬಂದವರೇ ಒಸಡು ಎತ್ತಿ ನೋಡಿದರು, ಬೆಳ್ಳಗೆ ಆಗಿತ್ತು. ಕೊನೆಯ ಪಕ್ಕೆಲುಬಿನ ಹಿಂದೆ, ತಟ್ಟಿದರೆ ಜಾಸ್ತಿ ಸದ್ದು ಬರುವ ಜಾಗದಲ್ಲಿ ಕೂದಲು ಬೋಳಿಸಿ ದಪ್ಪ ಸೂಜಿ ಚುಚ್ಚಿದರು. ಸುಯ್ ಅಂತ ಗಾಳಿ ಬಂತು, ಜೊತೆಗೆ ಹುಳಿ ವಾಸನೆ. ಕೆಂಚ ಉಸಿರು ಬಿಟ್ಟ. ನಾವೆಲ್ಲ ಸರಿಹೋಯಿತು ಅಂದುಕೊಂಡೆವು. ಡಾಕ್ಟರು ಮಾತ್ರ, "ಇದು ವಾಸಿ ಆದದ್ದಲ್ಲ. ದಾರಿಗೆ ಸಿಕ್ಕ ಟೈಮು ಅಷ್ಟೇ. ಈಗಲೇ ಮೈಸೂರಿಗೆ ಹೊರಡು" ಅಂದರು. ಅಲ್ಲಿಗೂ ಅವರೇ ಫೋನ್ ಮಾಡಿ ಹೇಳಿದರು.

ಮೈಸೂರಿನಲ್ಲಿ ಎರಡೂ ಮುಂಗಾಲಿಗೆ ಡ್ರಿಪ್ ಹಾಕಿ, ಎಕ್ಸ್‌ರೇ ತೆಗೆದು, ಹನ್ನೆರಡೂವರೆಗೆ ಆಪರೇಷನ್ ಶುರು ಮಾಡಿದರು. ತಿರುಚಿದ್ದ ಹೊಟ್ಟೆಯ ಚೀಲವನ್ನು ನೇರ ಮಾಡಿದ್ದಾರೆ. ಅದರ ಗೋಡೆಗೆ ಬಣ್ಣ ವಾಪಸ್ ಬಂತಂತೆ. ಗುಲ್ಮಕ್ಕೆ (ಹೊಟ್ಟೆಯ ಪಕ್ಕದಲ್ಲಿರುವ ಅಂಗ, ಸ್ಪ್ಲೀನ್) ರಕ್ತ ನಿಂತು ಕಪ್ಪಾಗಿದ್ದರಿಂದ ಅದನ್ನು ತೆಗೆದಿದ್ದಾರೆ. ಕೊನೆಗೆ ಹೊಟ್ಟೆಯನ್ನು ಬಲಪಕ್ಕೆಯ ಒಳಗೋಡೆಗೆ ಹೊಲಿದಿದ್ದಾರೆ.

ಈಗ ನನ್ನ ಪ್ರಶ್ನೆಗಳು. ಊಟಕ್ಕೆ ಮೂಸಿ ನೋಡಿ ಮುಖ ತಿರುಗಿಸುತ್ತಾನೆ, ಇದು ಸಹಜವೇ? ಎರಡು ಸಲ ತೇಗಿದ, ನನಗೆ ಕೈಕಾಲು ನಡುಗಿತು, ಮತ್ತೆ ಗಾಳಿ ತುಂಬುತ್ತಿದೆಯಾ? ಹೃದಯದ ಬಡಿತ ಗಮನಿಸಿ ಅಂತ ಹೇಳಿ ಕಳಿಸಿದ್ದಾರೆ, ಮನೆಯಲ್ಲಿ ಅದನ್ನು ನೋಡುವುದು ಹೇಗೆ? ಮತ್ತೆ ಹೀಗೇ ಆಗುತ್ತದಾ? ಅವನ ಜೊತೆ ಹುಟ್ಟಿದ ತಂಗಿ ಪಿರಿಯಾಪಟ್ಟಣದಲ್ಲಿ ನಮ್ಮ ಮಾವನ ಮನೆಯಲ್ಲಿದ್ದಾಳೆ. ಅವಳಿಗೂ ಅಪಾಯ ಇದೆಯಾ?

ಇನ್ನೊಂದು ಮಾತು. ಅಮ್ಮ ಅವತ್ತಿನಿಂದ ಸರಿಯಾಗಿ ಊಟ ಮಾಡಿಲ್ಲ. "ನಾನು ಮುದ್ದೆ ಹಾಕಿದ್ದಕ್ಕೇ ಹೀಗಾಯ್ತು" ಅಂತ ಅಳುತ್ತಾರೆ. ಅದು ನಿಜವೇ?

ಗೌರಿ ಅಮ್ಮ, ಬೆಂಗಳೂರು:

ನಿಮ್ಮ ಬರಹ ಓದುತ್ತಾ ನನಗೆ ನಾಲ್ಕು ವರ್ಷದ ಹಿಂದಿನ ರಾತ್ರಿ ನೆನಪಾಯಿತು. ನಮ್ಮ ಗೌರಿ ಗ್ರೇಟ್ ಡೇನ್. ಆಗ ಅವಳಿಗೆ ಐದು ವರ್ಷ, 52 ಕೆಜಿ. ಇದೇ ಆಪರೇಷನ್. ಇವತ್ತೂ ನನ್ನ ಕಾಲ ಹತ್ತಿರ ಮಲಗಿದ್ದಾಳೆ. ಮೊದಲು ಇದನ್ನು ಕೇಳಿ ಧೈರ್ಯ ತಂದುಕೊಳ್ಳಿ.

ತೇಗಿನಿಂದ ಶುರು ಮಾಡುತ್ತೇನೆ, ನಾನೂ ಅದಕ್ಕೇ ಜಾಸ್ತಿ ಹೆದರಿದ್ದೆ. ತೇಗು ಬಂದರೆ ಒಳ್ಳೆಯದು. ಹೊಟ್ಟೆ ತಿರುಚಿದಾಗ ಬಾಯಿ ಕಟ್ಟಿದ ಚೀಲದ ಹಾಗೆ ಆಗಿರುತ್ತದೆ, ಗಾಳಿ ಮೇಲೂ ಬರಲ್ಲ, ಕೆಳಗೂ ಹೋಗಲ್ಲ. ತೇಗುತ್ತಿದ್ದಾನೆ ಅಂದರೆ ದಾರಿ ತೆರೆದಿದೆ. ಹೆದರಬೇಕಾದದ್ದು ಓಕರಿಸಿಯೂ ಏನೂ ಬರದೆ ಇದ್ದಾಗ, ಹೊಟ್ಟೆ ಮತ್ತೆ ಬಿಗಿಯಾದಾಗ.

ಊಟ. ಗೌರಿ ಮನೆಗೆ ಬಂದ ಮೊದಲ ದಿನ ತಟ್ಟೆಯ ಕಡೆ ನೋಡಲೇ ಇಲ್ಲ. ನಾನು ಅನ್ನವನ್ನು ಮೆತ್ತಗೆ ಬೇಯಿಸಿ, ಮೂಳೆ ಇಲ್ಲದ ಕೋಳಿ ಮಾಂಸ ಬೇಯಿಸಿ ಎಳೆ ಎಳೆಯಾಗಿ ಬಿಡಿಸಿ, ಮೇಲಿನ ಕೊಬ್ಬು ತೆಗೆದು, ಎರಡನ್ನೂ ಕಲಸಿದೆ. ಉಪ್ಪಿಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ನೆಲದ ಮೇಲೆ ಅವಳ ಪಕ್ಕ ಕೂತು ಉಗುರುಬೆಚ್ಚಗೆ ಇರುವಾಗ ನಿಂಬೆ ಗಾತ್ರದ ಒಂದು ತುತ್ತು ಕೈಯಲ್ಲಿ ಹಿಡಿದೆ. ಹತ್ತು ನಿಮಿಷ ಹಾಗೇ ಕೂತಿದ್ದೆ. ಆಮೇಲೆ ನಾಲಿಗೆ ಚಾಚಿ ನೆಕ್ಕಿದಳು. ಒಂದು ತುತ್ತು, ಮತ್ತೊಂದು, ಅಷ್ಟೇ. ಮೂರು ಗಂಟೆ ಬಿಟ್ಟು ಮತ್ತೆ. ತಿನ್ನುತ್ತಿದ್ದಾಳಲ್ಲ ಅಂತ ಖುಷಿಗೆ ಜಾಸ್ತಿ ಹಾಕಬೇಡಿ. ನೀರೂ ಅಷ್ಟೇ, ಬೋಗುಣಿ ತುಂಬ ಇಡಬೇಡಿ, ಸ್ವಲ್ಪ ಸ್ವಲ್ಪ ಹಾಕುತ್ತಾ ಇರಿ. ಪೂರ್ತಿ ಒಂದು ದಿನ ಏನೂ ಮುಟ್ಟದಿದ್ದರೆ ಅಥವಾ ತಿಂದದ್ದೆಲ್ಲ ವಾಂತಿ ಆದರೆ ಡಾಕ್ಟರಿಗೆ ಫೋನ್ ಮಾಡಿ.

ಈಗ ಬಡಿತದ ವಿಷಯ, ಇದನ್ನು ಗಮನವಿಟ್ಟು ಓದಿ. ಕೆಂಚನನ್ನು ಒಂದು ಮಗ್ಗುಲಿಗೆ ಮಲಗಿಸಿ. ಹಿಂಗಾಲಿನ ತೊಡೆಯ ಒಳಭಾಗ, ಮೇಲ್ಗಡೆ, ತೊಡೆ ಹೊಟ್ಟೆಗೆ ಸೇರುವ ಹತ್ತಿರ ಎರಡು ಬೆರಳು ಮೆಲ್ಲಗೆ ಇಡಿ. ಒತ್ತಬೇಡಿ, ಒತ್ತಿದರೆ ಸಿಗಲ್ಲ. ಸ್ವಲ್ಪ ಆಚೀಚೆ ಜರುಗಿಸಿದರೆ ಬೆರಳ ಕೆಳಗೆ ಹಗ್ಗದಂಥ ಒಂದು ನಾಳ ಸಿಗುತ್ತದೆ. ಫೋನಿನಲ್ಲಿ 15 ಸೆಕೆಂಡು ಇಟ್ಟು ಎಣಿಸಿ, ನಾಲ್ಕರಿಂದ ಗುಣಿಸಿ. ಸಂಖ್ಯೆಗಿಂತ ತಾಳ ಮುಖ್ಯ. ನಮ್ಮ ಗೌರಿಯನ್ನು ಎರಡೇ ದಿನಕ್ಕೆ ಮನೆಗೆ ಕಳಿಸಿದ್ದರು. ಆ ರಾತ್ರಿ ಎರಡು ಗಂಟೆಗೆ ನೋಡಿದರೆ ಎರಡು ಹೊಡೆತ, ಒಂದು ಬಿಟ್ಟು, ಮೂರು ಅವಸರದ ಹೊಡೆತ, ಮತ್ತೆ ಬಿಟ್ಟು. ಅವಳು ಸುಮ್ನೆ ಮಲಗಿದ್ದಳು, ನೋಡಲು ಏನೂ ಆಗಿಲ್ಲ ಅನ್ನಿಸುತ್ತಿತ್ತು. ಒಸಡು ಮಾತ್ರ ಬಿಳಚಿಕೊಂಡಿತ್ತು. ಆಸ್ಪತ್ರೆಗೆ ವಾಪಸ್ ಹೋದೆವು. ಈಸಿಜಿ ಹಾಕಿದರು, ಹೃದಯದ ತಾಳ ತಪ್ಪಿತ್ತು. ಡ್ರಿಪ್‌ನಲ್ಲಿ ತಾಳ ಸರಿಮಾಡುವ ಲಿಡೊಕೇಯ್ನ್ ಔಷಧಿ ಕೊಟ್ಟು ಮರುದಿನ ಸಂಜೆಯವರೆಗೆ ಇಟ್ಟುಕೊಂಡರು. ಎರಡು ಬೆರಳು ಇಟ್ಟು ನೋಡಿರದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ.

ಆ ಮೇಲೆ ನಾನು ಒಂದು ನೋಟ್‌ಬುಕ್ ಇಟ್ಟೆ. ಗಂಟೆ, ಏನು ತಿಂದಳು, ಬಡಿತ, ಒಸಡಿನ ಬಣ್ಣ, ಮೂತ್ರ, ಕಕ್ಕ, ಕೊಟ್ಟ ಮಾತ್ರೆ. ರಾತ್ರಿ ಯಜಮಾನರು ಎಚ್ಚರ ಇದ್ದರೆ ಅವರು ಬರೆಯುತ್ತಿದ್ದರು. ಡಾಕ್ಟರಿಗೆ ಫೋನ್ ಮಾಡಿದಾಗ ತಡಬಡಾಯಿಸುವುದು ತಪ್ಪಿತು. ದಯವಿಟ್ಟು ಇವತ್ತೇ ಒಂದು ಶುರು ಮಾಡಿ.

ಮನೆಯಲ್ಲಿ ಗ್ರಾನೈಟ್ ನೆಲ ಇದ್ದರೆ ಅವನು ಓಡಾಡುವ ಕಡೆಯೆಲ್ಲ ಚಾಪೆ ಹಾಸಿ. ಜಾರಿ ಕಾಲು ಅಗಲವಾದರೆ ಹೊಲಿಗೆ ಎಳೆಯುತ್ತದೆ. ಮೆಟ್ಟಿಲಿಗೆ ನಾವು ಬಟ್ಟೆ ಒಣಗಿಸುವ ಸ್ಟ್ಯಾಂಡ್ ಅಡ್ಡ ಇಟ್ಟಿದ್ದೆವು. ಮೂತ್ರಕ್ಕೆ ಹೊರಗೆ ಹೋಗುವಾಗಲೂ ಬೆಲ್ಟ್ ಹಾಕಿಯೇ ಹೋಗಿ, ಬೆಕ್ಕು ಕಂಡರೆ ಹಾರಿಬಿಡುತ್ತವೆ. ಹೊಲಿಗೆ ನೆಕ್ಕದ ಹಾಗೆ ಕತ್ತಿಗೆ ಹಾಕುವ ಕೋನ್ ಹಾಕಿದರೆ ಗೌರಿ ಗೋಡೆಗೆಲ್ಲ ಡಿಕ್ಕಿ ಹೊಡೆಯುತ್ತಿದ್ದಳು. ನಾವು ಪಕ್ಕದಲ್ಲಿ ಇರುವಾಗ ಯಜಮಾನರ ಹಳೇ ಬನಿಯನ್ ತೊಡಿಸುತ್ತಿದ್ದೆ, ಒಬ್ಬಳೇ ಇರುವಾಗ ಮಾತ್ರ ಕೋನ್. ಬನಿಯನ್ ದಿನಾ ಒಗೆದದ್ದೇ ಆಗಬೇಕು, ಒದ್ದೆ ಇರಬಾರದು. ಹನ್ನೊಂದನೇ ದಿನ ಹೊಲಿಗೆ ಬಿಚ್ಚಿದರು.

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಹೊಟ್ಟೆ ತುಂಬ ತಿನ್ನಲಿ ಅಂತ ಹಾಕಿದ್ದಾರೆ. ತಪ್ಪು ಅವರದ್ದಲ್ಲ. ಈಗ ಕೈತುತ್ತು ತಿನ್ನಿಸಲು ಅವರಿಗಿಂತ ಬೇರೆ ಯಾರು ಬೇಕು?

ಪಶುವೈದ್ಯ, ಹಾಸನ:

ನೋಡದೆ ಔಷಧಿ ಹೇಳುವುದಿಲ್ಲ, ಆಪರೇಷನ್ ಮಾಡಿದವರ ಮಾತೇ ಕೊನೆ. ಆದರೆ ಏನಾಯಿತು, ಯಾಕಾಯಿತು ಅನ್ನುವುದು ಗೊತ್ತಿದ್ದರೆ ನೋಡಿಕೊಳ್ಳುವುದು ಸುಲಭ.

ಇದಕ್ಕೆ ನಾವು ಜಿಡಿವಿ ಅನ್ನುತ್ತೇವೆ. ಹೊಟ್ಟೆ ಉಬ್ಬಿ, ಸಾಮಾನ್ಯವಾಗಿ 180ರಿಂದ 270 ಡಿಗ್ರಿಯಷ್ಟು ತಿರುಗಿಬಿಡುತ್ತದೆ. ಎದೆ ಆಳವಾಗಿರುವ ದೊಡ್ಡ ತಳಿಗಳಲ್ಲಿ ಜಾಸ್ತಿ: ಗ್ರೇಟ್ ಡೇನ್, ಜರ್ಮನ್ ಶೆಫರ್ಡ್, ಡಾಬರ್‌ಮನ್, ಸೇಂಟ್ ಬರ್ನಾರ್ಡ್. ಉಬ್ಬಿದ ಹೊಟ್ಟೆ, ಹಿಂಭಾಗದಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ನಾಳವನ್ನು ಅಮುಕುತ್ತದೆ. ಹೃದಯಕ್ಕೆ ರಕ್ತವೇ ಸಾಲದೆ ಶಾಕ್ ಆಗುತ್ತದೆ. ಡ್ರಿಪ್ ಮುಂಗಾಲಿಗೇ ಹಾಕಿದ್ದು ಅದಕ್ಕೆ. ಹಿಂಗಾಲಿಗೆ ಹಾಕಿದರೆ ಮೇಲಕ್ಕೆ ಸರಿಯಾಗಿ ತಲುಪುವುದಿಲ್ಲ.

ನಿಮ್ಮ ಊರಿನ ಡಾಕ್ಟರು ಮಾಡಿದ್ದು ನೂರಕ್ಕೆ ನೂರು ಸರಿ. ಗೊಟ್ಟದ ಎಣ್ಣೆ ಹಾಕಿದ್ದರೆ ಅದು ಹೊಟ್ಟೆಗೆ ಇಳಿಯುತ್ತಲೇ ಇರಲಿಲ್ಲ. ಶ್ವಾಸಕೋಶಕ್ಕೆ ಹೋಗುವ ಅಪಾಯ ಇತ್ತು. ದನದ ನೊರೆಯುಬ್ಬರ ಬೇರೆ, ಇದು ಬೇರೆ.

ಹೃದಯದ ತಾಳ ತಪ್ಪುವುದು ಇದರಲ್ಲಿ ತುಂಬ ಕಾಣುತ್ತೇವೆ. ರಕ್ತ ನಿಂತಿದ್ದ ಹೊಟ್ಟೆಗೆ ಮತ್ತೆ ರಕ್ತ ಹರಿದಾಗ ಅಲ್ಲಿ ಸೇರಿದ್ದ ಕೆಟ್ಟ ಪದಾರ್ಥಗಳೆಲ್ಲ ಮೈಗೆ ಹರಡುತ್ತವೆ. ಗುಲ್ಮ ತೆಗೆದ ನಾಯಿಗಳಲ್ಲೂ ಹೀಗಾಗುವುದುಂಟು. ಮೊದಲ ಮೂರು ದಿನ ಅಂದರೆ 72 ಗಂಟೆ ಮುಖ್ಯ. ಕೆಂಚನಿಗೆ ಅದು ಮುಗಿದಿದೆ. ಆದರೂ ಇನ್ನೆರಡು ದಿನ ದಿನಕ್ಕೆ ಮೂರು ಸಲ ನೋಡಿ. ವಿಶ್ರಾಂತಿಯಲ್ಲಿರುವ ದೊಡ್ಡ ನಾಯಿಗೆ ನಿಮಿಷಕ್ಕೆ 60ರಿಂದ 100 ಬಡಿತ ಸಹಜ. ಮಲಗಿರುವಾಗಲೂ 140 ದಾಟಿದರೆ ಅಥವಾ ತಾಳ ತಪ್ಪಿದರೆ ಹೊರಡಿ. ಒಸಡನ್ನು ಬೆರಳಿನಿಂದ ಒತ್ತಿ ಬಿಡಿ, ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ವಾಪಸ್ ಬರಬೇಕು. ಹೊಲಿಗೆಯ ಪಕ್ಕ ಸ್ವಲ್ಪ ಮೆತ್ತನೆ ಊತ ಇದ್ದರೆ ಗಾಬರಿ ಬೇಡ. ಬಿಸಿ, ಕೆಂಪು, ಕೀವು, ವಾಸನೆ ಇದ್ದರೆ ತೋರಿಸಿ. ಎರಡು ಮೂರು ದಿನ ಕಕ್ಕ ಆಗದಿರಬಹುದು. ಟಾರಿನ ಹಾಗೆ ಕಪ್ಪಗೆ ಅಂಟಂಟಾಗಿ ಆದರೆ ಅದು ಒಳಗಿನ ರಕ್ತ, ತಕ್ಷಣ ಹೇಳಿ. ಮನೆಯಲ್ಲಿರುವ ನೋವಿನ ಮಾತ್ರೆ, ಐಬುಪ್ರೊಫೇನ್, ಡೈಕ್ಲೊಫೆನಾಕ್, ಒಂದನ್ನೂ ಕೊಡಬೇಡಿ. ಮೊದಲೇ ಪೆಟ್ಟು ತಿಂದಿರುವ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿಗೂ ಕೆಟ್ಟದ್ದು.

ಮತ್ತೆ ಆಗುತ್ತದಾ ಅಂದಿರಿ. ಬರೀ ನೇರ ಮಾಡಿ ಹಾಗೇ ಬಿಟ್ಟರೆ ಅರ್ಧಕ್ಕಿಂತ ಜಾಸ್ತಿ ನಾಯಿಗಳಲ್ಲಿ ಮತ್ತೆ ತಿರುಚುತ್ತದೆ. ಪಕ್ಕೆಗೆ ಹೊಲಿದರೆ ನೂರರಲ್ಲಿ ಐದಕ್ಕಿಂತ ಕಡಿಮೆ. ಆ ಹೊಲಿಗೆ ಕೂಡಿಕೊಂಡು ಗಟ್ಟಿಯಾಗಲು ವಾರಗಳು ಬೇಕು, ಆದ್ದರಿಂದ ಎರಡು ವಾರ ಕಡ್ಡಾಯ ವಿಶ್ರಾಂತಿ, ಆಮೇಲೆ ನಿಧಾನವಾಗಿ ನಡಿಗೆ. ಆದರೆ ಒಂದು ನೆನಪಿರಲಿ. ಹೊಲಿದ ಹೊಟ್ಟೆ ತಿರುಗುವುದು ಅಪರೂಪ, ಆದರೆ ಉಬ್ಬಬಹುದು. ಓಕರಿಕೆ ಕಂಡರೆ ಮುಂದೆಯೂ ಕಾಯಬೇಡಿ.

ತಂಗಿಯ ವಿಷಯ ಕೇಳಿದ್ದು ಒಳ್ಳೆಯದಾಯಿತು. ಒಡಹುಟ್ಟಿದವರಿಗೆ, ಹೆತ್ತವರಿಗೆ ಆಗಿದ್ದರೆ ಅಪಾಯ ಜಾಸ್ತಿ. ಮೊದಲೇ ಹೊಟ್ಟೆ ಹೊಲಿಸಬಹುದು. ಸಂತಾನಹರಣ ಇನ್ನೂ ಆಗಿಲ್ಲದಿದ್ದರೆ ಎರಡನ್ನೂ ಒಂದೇ ಅರಿವಳಿಕೆಯಲ್ಲಿ ಮಾಡುತ್ತಾರೆ.

ಮುದ್ದೆ ವಿಷ ಅಲ್ಲ. ದಿನಕ್ಕೆ ಒಂದೇ ಸಲ ಜಾಸ್ತಿ ತಿನ್ನುವುದು, ಗಬಗಬ ತಿನ್ನುವುದು, ವಯಸ್ಸು, ಗಾಬರಿ ಸ್ವಭಾವ, ತಳಿ, ಮನೆತನ, ಎಲ್ಲ ಸೇರಿ ಆಗುವ ಕಾಯಿಲೆ ಇದು. ಇನ್ನು ಮೇಲೆ ಅದೇ ಊಟವನ್ನು ಮೂರು ಭಾಗ ಮಾಡಿ ಹಾಕಿ. ತಿಂದ ಮೇಲೆ ಒಂದೆರಡು ಗಂಟೆ ಓಡಾಟ ಬೇಡ. ದೊಡ್ಡ ನಾಯಿಗೆ ಒಳ್ಳೆಯದು ಅಂತ ತಟ್ಟೆಯನ್ನು ಸ್ಟ್ಯಾಂಡ್ ಮೇಲೆ ಇಡುವವರಿದ್ದಾರೆ. 2000ದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರ ಅಧ್ಯಯನದಲ್ಲಿ ಎತ್ತರದ ತಟ್ಟೆಯಲ್ಲಿ ತಿನ್ನುವ ನಾಯಿಗಳಲ್ಲೇ ಇದು ಜಾಸ್ತಿ ಕಂಡಿತ್ತು. ಈ ಬಗ್ಗೆ ಇನ್ನೂ ವಾದ ಇದೆ, ನಾನು ಮಾತ್ರ ನೆಲದ ಮೇಲೇ ಇಡಿ ಅನ್ನುತ್ತೇನೆ.

ದಾವಣಗೆರೆಯಿಂದ:

ನನ್ನ ರಾಕಿ ಉಳಿಯಲಿಲ್ಲ. ಡಾಬರ್‌ಮನ್, ಎಂಟು ವರ್ಷ. ರಾತ್ರಿ ಹನ್ನೊಂದಕ್ಕೆ ನೊರೆ ಕಕ್ಕುತ್ತಿದ್ದ. ಗ್ಯಾಸ್ ಇರಬೇಕು ಅಂತ ನಾವು ಕುಡಿಯುವ ಗ್ಯಾಸ್ ಪುಡಿಯನ್ನೇ ನೀರಿಗೆ ಹಾಕಿ ಕುಡಿಸಿದೆ. ಬೆಳಿಗ್ಗೆ ತೋರಿಸೋಣ ಅಂತ ಮಲಗಿಸಿದೆ. ಐದು ಗಂಟೆಗೆ ಎದ್ದು ನೋಡಿದರೆ ಬಾಗಿಲ ಹತ್ತಿರ ಬಿದ್ದಿದ್ದ, ಕಣ್ಣು ಮಾತ್ರ ನನ್ನ ಕಡೆ ಇತ್ತು. ಆಸ್ಪತ್ರೆ ಬಾಗಿಲಲ್ಲಿ ಉಸಿರು ಹೋಯಿತು.

ದೊಡ್ಡ ನಾಯಿ ಸಾಕಿದವರೆಲ್ಲ ಒಂದು ಕೆಲಸ ಮಾಡಿ. ನಿಮ್ಮ ಊರಿಗೆ ಹತ್ತಿರ, ರಾತ್ರಿ ಹೊತ್ತು ಆಪರೇಷನ್ ಮಾಡುವ ಆಸ್ಪತ್ರೆ ಯಾವುದು ಅಂತ ಇವತ್ತೇ ಫೋನ್ ಮಾಡಿ ಕೇಳಿ. ಬೋರ್ಡಿನಲ್ಲಿ 24 ಗಂಟೆ ಅಂತ ಇದ್ದರೆ ಸಾಲದು, ಈ ಆಪರೇಷನ್ ಮಾಡುವವರು ರಾತ್ರಿ ಇರುತ್ತಾರಾ ಅಂತಲೇ ಕೇಳಿ. ಗಾಡಿ ಯಾರದು ಅಂತಲೂ ಮೊದಲೇ ಮಾತಾಡಿಟ್ಟುಕೊಳ್ಳಿ. ಈ ನಂಬರು ನನ್ನ ಫೋನಿನಲ್ಲಿ ಈಗ ಇದೆ, ರಾಕಿ ಇಲ್ಲ.

ಕೆಂಚನ ಮನೆ, ಹುಣಸೂರು:

ಆಪರೇಷನ್ ಆಗಿ ಇವತ್ತಿಗೆ 13 ದಿನ. ನಿನ್ನೆ ಹೊಲಿಗೆ ಬಿಚ್ಚಿದರು. ಎಲ್ಲರಿಗೂ ತಿಳಿಸಲೇಬೇಕು ಅನ್ನಿಸಿತು.

ಗೌರಿ ಅಮ್ಮ, ನೀವು ಬರೆದದ್ದನ್ನು ಅಮ್ಮನಿಗೆ ಜೋರಾಗಿ ಓದಿ ಹೇಳಿದೆ. ಕೊನೆಯ ಸಾಲಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದು ಅಡುಗೆಮನೆಗೆ ಹೋದರು. ಅನ್ನ ಕೋಳಿ ಕಲಸಿ ತಂದು ಕೆಂಚನ ಪಕ್ಕ ಕೂತರು. ಮೊದಲ ದಿನ ಮೂರು ತುತ್ತು ತಿಂದ. ಈಗ ದಿನಕ್ಕೆ ನಾಲ್ಕು ಸಲ, ಅಳತೆ ಲೋಟದಲ್ಲಿ. ನೋಟ್‌ಬುಕ್ಕೂ ಅವರದ್ದೇ. "ತೇಗು, 7.20" ಅಂತ ಬರೆದಿರುತ್ತಾರೆ. ಬಡಿತ ಒಂದು ಸಲವೂ ತಾಳ ತಪ್ಪಲಿಲ್ಲ. ಆರನೇ ದಿನ ಹೊಲಿಗೆಯ ಕೆಳಗೆ ನಿಂಬೆ ಗಾತ್ರದ ಊತ ಬಂತು, ಒತ್ತಿದರೆ ನೀರಿನ ಹಾಗೆ. ಫೋಟೋ ಕಳಿಸಿದೆ, ಓಡಾಟ ಕಡಿಮೆ ಮಾಡಿ ಅಂದರು. ಕಟ್ಟಿ ಹಾಕಿದ ಮೇಲೆ ನಾಲ್ಕು ದಿನದಲ್ಲಿ ಇಳಿಯಿತು.

ದಾವಣಗೆರೆಯವರೇ, ನಿಮ್ಮ ಮಾತು ಓದಿ ನಮ್ಮ ಬೀದಿಯಲ್ಲಿ ದೊಡ್ಡ ನಾಯಿ ಇರುವ ಮೂರು ಮನೆಗೂ ಹೋಗಿ ಮೈಸೂರಿನ ನಂಬರು ಬರೆದು ಕೊಟ್ಟು ಬಂದೆ. ಪಕ್ಕದ ಮನೆ ಅಜ್ಜನಿಗೂ ಕೂರಿಸಿ ಹೇಳಿದೆ. "ದನಕ್ಕೂ ನಾಯಿಗೂ ಒಂದೇ ಅಂದುಕೊಂಡಿದ್ದೆ ಮಗ" ಅಂದರು.

ತಂಗಿಗೆ ಮುಂದಿನ ಶುಕ್ರವಾರ ಸಂತಾನಹರಣದ ಜೊತೆಗೇ ಹೊಟ್ಟೆ ಹೊಲಿಸುತ್ತಿದ್ದೇವೆ. ಮಾವ ಒಪ್ಪಿದ್ದಾರೆ. ಡಾಕ್ಟ್ರೇ, ಹಿಂದಿನ ರಾತ್ರಿ ಅವಳಿಗೆ ಊಟ ಹಾಕಬಹುದಾ?

ಪಶುವೈದ್ಯ, ಹಾಸನ:

ಹಿಂದಿನ ಸಂಜೆ ಬೇಗ, ಹಗುರವಾಗಿ ಹಾಕಿ. ಬೆಳಿಗ್ಗೆ ಊಟ ಬೇಡ. ನೀರು ಎಷ್ಟು ಹೊತ್ತಿನವರೆಗೆ ಕೊಡಬಹುದು ಅಂತ ಆಪರೇಷನ್ ಮಾಡುವವರನ್ನೇ ಕೇಳಿ. ಅಣ್ಣನಿಗೆ ಆದದ್ದನ್ನೂ ಅವರಿಗೆ ಪೂರ್ತಿ ಹೇಳಿ, ಮೈಸೂರಿನ ಕಾಗದಗಳನ್ನು ತೆಗೆದುಕೊಂಡು ಹೋಗಿ.